ಹದಿನಾಲ್ಕನೆಯ ಬಟನ್

ಮಾರ್ಚ್ 4

ಮಾನ್ಯರೇ,

ನಾನು ಯಾರೆಂದು ನಿಮಗೆ ಗೊತ್ತಿಲ್ಲ. ನೀವು ಮೂವತ್ತನಾಲ್ಕು ವರ್ಷ ಕುಳಿತಿದ್ದ ಕುರ್ಚಿಯಲ್ಲಿ ಐದು ವಾರದಿಂದ ಕುಳಿತಿರುವ ಹೊಸ ನಕ್ಷೆಗಾರ್ತಿ ನಾನು. ಕುರ್ಚಿ ಎಡಕ್ಕೆ ವಾಲುತ್ತದೆ ಎನ್ನುವುದು ಬಿಟ್ಟರೆ ದೂರು ಏನೂ ಇಲ್ಲ. ಊರಿನ ಒಂದೊಂದು ಮನೆ, ಒಂದೊಂದು ಗಲ್ಲಿಯ ನಕ್ಷೆಯೂ ಈ ಒಂದೇ ಮೇಜಿನಿಂದ ಹೊರಡುತ್ತದೆ ಅಂತ ಗೊತ್ತಾದ ದಿನ ಮನೆಗೆ ಹೋಗಿ ಅತ್ತೆಯ ಮುಂದೆ ಸ್ವಲ್ಪ ಜಂಬ ಕೊಚ್ಚಿಕೊಂಡೆ. "ಗೆರೆ ಎಳೆಯೋದು ತಾನೆ, ನೆಟ್ಟಗೆ ಎಳಿ" ಅಂದರು.

ಮೊದಲು ನಿಮಗೆ ಫೋನ್ ಮಾಡಿದ್ದೆ. ನಿಮ್ಮ ಅಕ್ಕ ಎತ್ತಿದರು. "ಅವನಿಗೆ ಫೋನಲ್ಲಿ ಕಿವಿ ಕೇಳ್ಸಲ್ಲಮ್ಮ. ಎಲ್ಲದಕ್ಕೂ ಹ್ಞೂಂ ಹ್ಞೂಂ ಅಂತಾನೆ, ಇಟ್ಟಮೇಲೆ ಏನಂದ್ರು ಅಂತ ನನ್ನೇ ಕೇಳ್ತಾನೆ. ಕಾಗದ ಬರಿ" ಅಂದರು. ಅದಕ್ಕೇ ಬರೆಯುತ್ತಿದ್ದೇನೆ.

ವಿಷಯ ಇಷ್ಟೇ. ಈ ತಿಂಗಳ ಇಪ್ಪತ್ತಕ್ಕೆ ಆಫೀಸಿನ ಕಂಪ್ಯೂಟರುಗಳನ್ನೆಲ್ಲ ಬದಲಾಯಿಸುತ್ತಾರೆ. ನಕ್ಷೆಗಳು ಸರ್ವರಿನಲ್ಲಿವೆ, ಅದಕ್ಕೇನೂ ಭಯವಿಲ್ಲ. ನನ್ನ ಚಿಂತೆ ನಿಮ್ಮ ಟೂಲ್‌ಬಾರಿನದು. ಪರದೆಯ ನೆತ್ತಿಯ ಮೇಲೆ ನೀವು ಸಾಲಾಗಿ ಕೂಡಿಸಿಟ್ಟ ಹದಿನಾಲ್ಕು ಬಟನ್‌ಗಳಿವೆಯಲ್ಲ, ಅವು ಯಾವ ಪುಸ್ತಕದಲ್ಲೂ ಇಲ್ಲ. ಪೊರಕೆ, ಬಾಚಣಿಗೆ, ಕನ್ನಡಕ, ಚಿಲಕ, ಚಪ್ಪಲಿ, ಒಂದು ಕಾಗೆ. ಅಷ್ಟು ಪುಟ್ಟ ಚೌಕದಲ್ಲಿ ಚುಕ್ಕೆ ಚುಕ್ಕೆ ಇಟ್ಟು ನೀವೇ ಬರೆದದ್ದಂತೆ, ಜವಾನ ಹೇಳಿದ. ಕೆಲವನ್ನು ಒತ್ತಿ ಒತ್ತಿ ಕಲಿತೆ. ಪೊರಕೆ ಒತ್ತಿದರೆ ಒಂದರ ಮೇಲೊಂದು ಬಿದ್ದ ಗೆರೆಗಳು ಮಾಯವಾಗುತ್ತವೆ ಎಂದು ತಿಳಿದ ದಿನ ನನಗೆ ಎರಡು ಗಂಟೆಯ ಕೆಲಸ ಉಳಿಯಿತು.

ಕಂಪ್ಯೂಟರ್ ರಿಪೇರಿಯವನನ್ನು ಕೇಳಿದರೆ, "ಹೊಸ ಮನೆಗೆ ಹಳೇ ಪೊರಕೆ ಯಾಕೆ ಹೊತ್ಕೊಂಡು ಹೋಗ್ತೀರಿ ಮೇಡಂ" ಅನ್ನುತ್ತಾನೆ. ಇವನ್ನು ಕಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಹೇಗೆ ಉಳಿಸಿಕೊಳ್ಳುವುದು, ಹೇಗೆ ಹೊಸದರಲ್ಲಿ ಮತ್ತೆ ತರುವುದು, ಯಾವ ಬಟನ್ ಏನು ಮಾಡುತ್ತದೆ, ದಯವಿಟ್ಟು ಬರೆದು ತಿಳಿಸುವಿರಾ?

ಇಂತಿ,
ನಿಮ್ಮ ಕುರ್ಚಿಯಲ್ಲಿರುವವಳು


ಮಾರ್ಚ್ 9

ಚಿರಂಜೀವಿ ನಕ್ಷೆಗಾರ್ತಿಗೆ,

ನಿಮ್ಮ ಕಾಗದ ತಲುಪಿತು. ಕುರ್ಚಿ ಎಡಕ್ಕೆ ವಾಲುವುದಿಲ್ಲ. ನೆಲ ವಾಲಿದೆ. ರಸಮಟ್ಟ ಇಟ್ಟು ನೋಡಿ.

ಉಳಿಸಿಕೊಳ್ಳುವುದು ಸುಲಭ. ಟೂಲ್‌ಬಾರಿನ ಮೇಲೆ ಮೌಸಿನ ಬಲಗಡೆ ಒತ್ತಿ. ಒಂದು ಪಟ್ಟಿ ತೆರೆಯುತ್ತದೆ. ಅದರ ಕೊನೆಯಲ್ಲಿ ಎಕ್ಸ್‌ಪೋರ್ಟ್ ಎಂದಿದೆ. ಒತ್ತಿದರೆ ಬಟನ್‌ಗಳ ಪಟ್ಟಿ ಬರುತ್ತದೆ, ಪ್ರತಿಯೊಂದರ ಮುಂದೆ ಖಾಲಿ ಚೌಕ. ಯಾವುದು ಬೇಕೋ ಅದಕ್ಕೆ ಟಿಕ್ ಹಾಕಿ. ಒಂದು ಫೈಲ್ ತಯಾರಾಗುತ್ತದೆ. ಅದನ್ನು ಅದೇ ಕಂಪ್ಯೂಟರಿನಲ್ಲಿ ಇಟ್ಟು ನೆಮ್ಮದಿಯಾಗಿ ಕೂರಬೇಡಿ. ಮನೆಯ ಎರಡನೇ ಕೀಲಿಕೈಯನ್ನು ಮನೆಯೊಳಗೇ ಇಟ್ಟು ಬೀಗ ಜಡಿದು ಹೋಗುವವರನ್ನು ನಾನು ನೋಡಿದ್ದೇನೆ. ಎರಡು ಪೆನ್ ಡ್ರೈವಿನಲ್ಲಿ ಹಾಕಿ, ಒಂದನ್ನು ಮನೆಗೆ ಒಯ್ಯಿರಿ. ಹೊಸದರಲ್ಲಿ ಅದೇ ಪಟ್ಟಿಯ ಇಂಪೋರ್ಟ್ ಒತ್ತಿದರೆ ಎಲ್ಲ ಇದ್ದಲ್ಲಿಗೇ ಬಂದು ಕೂರುತ್ತವೆ.

ಇನ್ನು ಬಟನ್‌ಗಳು. ಪೊರಕೆ ನೀವೇ ಕಂಡುಕೊಂಡಿರಿ. ಬಾಚಣಿಗೆ ಕಟ್ಟಡದೊಳಗೆ ಓರೆಗೆರೆ ತುಂಬುತ್ತದೆ. ಚಿಲಕ ಹಳೆಯ ಗೆರೆಗಳನ್ನು ಕೈತಪ್ಪಿ ಸರಿಯದ ಹಾಗೆ ಬಿಗಿಯುತ್ತದೆ. ಚಪ್ಪಲಿ ದಾರಿಯ ಉದ್ದ ಅಳೆಯುತ್ತದೆ. ಕಾಗೆ ನನಗೆ ತೀರ ಇಷ್ಟವಾದದ್ದು. ಎರಡು ಗೆರೆ ಕೂಡಿದಂತೆ ಕಂಡು ಕೂಡದೆ ಬಿಟ್ಟ ಸಂದನ್ನು ಅದು ಹುಡುಕಿ ಕೆಂಪು ಚುಕ್ಕೆ ಇಡುತ್ತದೆ. ಕಣ್ಣಿಗೆ ಕಾಣದ ಸಂದು ಕಾಗೆಗೆ ಕಾಣುತ್ತದೆ. ಉಳಿದ ಎಂಟರ ವಿವರ ಈ ಹಾಳೆಯ ಹಿಂಬದಿಯಲ್ಲಿ ಕ್ರಮವಾಗಿ ಬರೆದಿದ್ದೇನೆ.

ಒಂದು ಮಾತು. ಈ ಆಫೀಸಿನಲ್ಲಿ ನನ್ನನ್ನು 'ಕೂದಲೆಳೆ' ಎಂದು ಕರೆಯುತ್ತಿದ್ದರು. ಕೂದಲೆಳೆಯಷ್ಟೂ ತಪ್ಪದವನು ಎಂದು. ಆ ಕುರ್ಚಿಗೆ ಆ ಹೆಸರು ಉಳಿಸಿಕೊಡಿ.

ಆಶೀರ್ವಾದಗಳೊಂದಿಗೆ,
ಹಳೆಯ ನಕ್ಷೆಗಾರ


ಮಾರ್ಚ್ 13

ಹಿರಿಯರೇ,

ರಸಮಟ್ಟ ಇಟ್ಟು ನೋಡಿದೆ. ನೆಲವೇ ವಾಲಿದೆ. ಕುರ್ಚಿಯ ಕ್ಷಮೆ ಕೇಳಿದೆ.

ನಿಮ್ಮ ಕಾಗದವನ್ನು ಪರದೆಯ ಪಕ್ಕ ಅಂಟಿಸಿಕೊಂಡು ಒಂದೊಂದನ್ನೇ ಒತ್ತಿ ಪರೀಕ್ಷಿಸಿದೆ. ಒಂದು ಮಧ್ಯಾಹ್ನ ಪೂರ್ತಿ ಹೋಯಿತು, ಹೋದದ್ದಕ್ಕೆ ಬೇಸರವಿಲ್ಲ. ಆದರೆ ಎಣಿಸಿದರೆ ನೀವು ಹದಿಮೂರಕ್ಕೆ ಮಾತ್ರ ಉತ್ತರ ಬರೆದಿದ್ದೀರಿ. ಬಲಗಡೆಯ ತುದಿಯಲ್ಲಿ, ಉಳಿದವುಗಳಿಂದ ಸ್ವಲ್ಪ ದೂರ ಕೂತಿರುವ ಬೂದು ಚೌಕ ಒಂದಿದೆಯಲ್ಲ? ಅದಕ್ಕೆ ಚಿತ್ರವಿಲ್ಲ, ಹೆಸರಿಲ್ಲ. ಮದುವೆ ಮನೆಯಲ್ಲಿ ಯಾರ ಕಡೆಯವರು ಅಂತ ಗೊತ್ತಾಗದ ನೆಂಟರ ಹಾಗೆ ಕೂತಿದೆ. ಖಾಲಿ ಹಾಳೆಯ ಮೇಲೆ ಒತ್ತಿ ನೋಡಿದೆ, ಏನೂ ಆಗಲಿಲ್ಲ. ಕಾಗೆಗೆ ಕೂಡ ಚುಕ್ಕೆ ಚುಕ್ಕೆಯಾಗಿ ರೆಕ್ಕೆ ಬರೆದ ಮನುಷ್ಯ ಇದೊಂದಕ್ಕೆ ಯಾಕೆ ಏನೂ ಬರೆಯಲಿಲ್ಲ ಎಂದು ಕುತೂಹಲ. ಅದು ಏನು?

ನಿಮ್ಮ ಕುರ್ಚಿಯವಳು


ಮಾರ್ಚ್ 16

ಚಿ. ನಕ್ಷೆಗಾರ್ತಿಗೆ,

ಅದು ಕೆಲಸಕ್ಕೆ ಬಾರದ್ದು. ಹಿಂದೆ ಯಾವುದೋ ಪ್ರಯೋಗಕ್ಕೆ ಮಾಡಿದ್ದು, ಅಳಿಸಲು ಮರೆತೆ. ಟಿಕ್ ಹಾಕಬೇಡ, ಅಲ್ಲೇ ಬಿಟ್ಟುಬಿಡು.

ಇಲ್ಲಿ ಎಲ್ಲ ಕ್ಷೇಮ. ಅಕ್ಕನಿಗೆ ಮಂಡಿನೋವು, ಆದ್ದರಿಂದ ಮಹಡಿಯ ಮೆಟ್ಟಿಲಿಗೆ ಹಿಡಿದು ಹತ್ತಲು ಮರದ ಕೈಹಿಡಿ ಹಾಕಿಸುತ್ತಿದ್ದೇನೆ. ಬಡಗಿಗೆ ಹನ್ನೊಂದು ಮೆಟ್ಟಿಲಿಗೂ ಬೇರೆ ಬೇರೆ ಅಳತೆ ಬರೆದುಕೊಟ್ಟೆ. ಅವನು ಹಾಳೆ ನೋಡಿ, ಮೆಟ್ಟಿಲು ನೋಡಿ, ನನ್ನನ್ನು ನೋಡಿ, "ಎಲ್ಲಾ ಒಂದೇ ಇದಾವಲ್ಲ ಸಾಮಿ" ಅಂದ. ಒಂದೇ ಅಲ್ಲ. ಮೂರನೆಯದು ಒಂದು ನೂಲಿನಷ್ಟು ಎತ್ತರ. ಮರದ ಬಣ್ಣ ಯಾವುದಿರಬೇಕು ಎಂದು ನನಗೂ ಅಕ್ಕನಿಗೂ ನಾಲ್ಕು ದಿನದಿಂದ ವಾದ ನಡೆದಿದೆ.

ಹಳೆಯ ನಕ್ಷೆಗಾರ


ಏಪ್ರಿಲ್ 2

ಅಣ್ಣಾವ್ರೇ,

ಹೀಗೆ ಕರೆಯಬಹುದಲ್ಲ? ನೀವು 'ಬಿಟ್ಟುಬಿಡು' ಎಂದು ಏಕವಚನಕ್ಕೆ ಇಳಿದ ಮೇಲೆ ನನಗೂ ಧೈರ್ಯ ಬಂತು.

ಹೊಸ ಕಂಪ್ಯೂಟರ್ ಬಂತು. ಇಂಪೋರ್ಟ್ ಒತ್ತಿದೆ. ಹದಿಮೂರೂ ಬಂದು ಸಾಲಾಗಿ ಕೂತವು, ಆದರೆ ಎಲ್ಲವುಗಳ ಮುಖದ ಮೇಲೂ ಪ್ರಶ್ನಾರ್ಥಕ ಚಿಹ್ನೆ. ರಿಪೇರಿಯವನು ಬಿದ್ದು ಬಿದ್ದು ನಕ್ಕ. ಚಿತ್ರಗಳು ಬೇರೆ ಫೋಲ್ಡರಿನಲ್ಲಿದ್ದವಂತೆ, ಅದನ್ನು ಪ್ರತಿ ಮಾಡಬೇಕೆಂದು ನೀವೂ ಬರೆದಿರಲಿಲ್ಲ, ನನಗೂ ಹೊಳೆಯಲಿಲ್ಲ. ಹಳೆಯ ಯಂತ್ರಗಳು ಆಗಲೇ ಗುಜರಿಗೆ ಹೋಗಿದ್ದವು. ಕೂದಲೆಳೆಯವರೂ ಒಂದು ಮಾತು ಮರೆಯುತ್ತಾರೆ ಎಂದು ತಿಳಿದು ನನಗೆ ಒಳಗೊಳಗೇ ಖುಷಿ. ಜಾಗ ನೋಡಿಕೊಂಡು ಒತ್ತುತ್ತೇನೆ. ಬಿಡುವಾದಾಗ ಚಿತ್ರಗಳನ್ನು ನಾನೇ ಬರೆಯುತ್ತಿದ್ದೇನೆ. ನನ್ನ ಕಾಗೆ ಕೋಳಿಯ ಹಾಗಿದೆ.

ಇನ್ನೊಂದು ವಿಷಯ, ಅದು ಮನಸ್ಸಿನಲ್ಲಿ ಕೊರೆಯುತ್ತಿದೆ. ಹೊಸದರಲ್ಲಿ ನಾನು ಬರೆದ ಮೊದಲ ನಕ್ಷೆ ಪೂರ್ವದ ಬಡಾವಣೆಯ ಒಬ್ಬ ಟೈಲರ್ ಹೆಂಗಸಿನ ಮನೆಯದು. ಮೇಲೊಂದು ಕೋಣೆ ಕಟ್ಟಲು ಅರ್ಜಿ ಹಾಕಿದ್ದಳು. ನಾನೇ ಹೋಗಿ ಉಪಗ್ರಹದ ಅಳತೆ ಯಂತ್ರದಿಂದ ಅಳೆದು ಬಂದೆ. ನಕ್ಷೆಯ ಮೇಲೆ ಇಟ್ಟರೆ ಅವಳ ಮುಂದಿನ ಗೋಡೆ ಗಲ್ಲಿಯೊಳಕ್ಕೆ ನಲವತ್ತು ಸೆಂಟಿಮೀಟರ್ ಬಂದಿದೆ. ಕಂಡದ್ದನ್ನು ಬರೆದು ಸಹಿ ಹಾಕಿದೆ. ಮಾರನೆಯ ದಿನವೇ ನೋಟಿಸು ಹೋಯಿತು: ಏಪ್ರಿಲ್ 28ಕ್ಕೆ ವಿಚಾರಣೆ, ತೃಪ್ತಿಕರ ಉತ್ತರ ಇಲ್ಲದಿದ್ದರೆ ಗೋಡೆ ಕೆಡವುವುದು.

ಅವಳು ಆಫೀಸಿಗೆ ಬಂದಿದ್ದಳು. ಜಗಳ ಮಾಡಲಿಲ್ಲ. ನನ್ನ ಮೇಜಿನ ಮುಂದೆ ನಿಂತು, "ನಮ್ಮಮ್ಮ ಇದ್ದಾಗಿಂದ ಆ ಗೋಡೆ ಅಲ್ಲೇ ಇದೆ. ಗೋಡೆ ನಡೀತದಾ ಮೇಡಂ?" ಎಂದು ಕೇಳಿದಳು. ಮುಂದಿನ ಕೋಣೆ ಎರಡೂಕಾಲು ಮೀಟರ್ ಅಗಲ. ಅದರಲ್ಲೇ ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ಗಿರಾಕಿಗಳು ನಿಲ್ಲುವ ಜಾಗ. ಗೋಡೆ ಹಿಂದೆ ಸರಿದರೆ ಮೇಜೇ ಹಿಡಿಸುವುದಿಲ್ಲ, ಅಲ್ಲಿಗೆ ಅವಳ ಅಂಗಡಿ ಮುಗಿದಂತೆ. ನಾನು ಅಳತೆಯಲ್ಲಿ ಹಾಗೆ ಬಂದಿದೆ ಎಂದಷ್ಟೇ ಹೇಳಿದೆ. ಅವಳು ಹೋದ ಮೇಲೆ ಚಹಾ ಕುಡಿಯಲು ಆಗಲಿಲ್ಲ.

ನಿಮ್ಮ ತಂಗಿ ಅಂದುಕೊಳ್ಳಿ


ಏಪ್ರಿಲ್ 6

ಚಿ. ತಂಗಿಗೆ,

ನಿನ್ನ ಅಳತೆಯಲ್ಲೇ ತಪ್ಪಿರಬಹುದು. ಹೊಸ ಕೈ, ಹೊಸ ಯಂತ್ರ. ಮತ್ತೊಮ್ಮೆ ಅಳೆದು ನೋಡು. ಯಂತ್ರವನ್ನು ಗೋಡೆಗೆ ತೀರ ಹತ್ತಿರ ಹಿಡಿದರೆ ಆಕಾಶ ಮರೆಯಾಗಿ ಸುಳ್ಳು ಅಂಕಿ ಕೊಡುತ್ತದೆ.

ಅರ್ಜಿಯನ್ನು ವಾಪಸ್ ತೆಗೆದುಕೊಳ್ಳಲು ಆಕೆಗೆ ಹೇಳಲಾಗದೆ? ಮೇಲಿನ ಕೋಣೆ ಅಷ್ಟು ಅಗತ್ಯವೇ?

ಮೆಟ್ಟಿಲಿನ ಕೈಹಿಡಿ ಆಯಿತು. ಬಣ್ಣ ಅಕ್ಕ ಹೇಳಿದ್ದೇ ಆಯಿತು.

ಹಳೆಯ ನಕ್ಷೆಗಾರ


ಏಪ್ರಿಲ್ 12

ಅಣ್ಣಾವ್ರೇ,

ನೀವು ಹೇಳಿದಂತೆ ಮತ್ತೊಮ್ಮೆ ಅಳೆದೆ. ಒಮ್ಮೆಯಲ್ಲ, ಮೂರು ಸಲ, ಮೂರು ಹೊತ್ತಿನಲ್ಲಿ, ಗೋಡೆಯಿಂದ ದೂರ ನಿಂತು. ಅದೇ ನಲವತ್ತು. ಅರ್ಜಿ ವಾಪಸ್ ತೆಗೆದುಕೊಂಡರೂ ನೋಟಿಸು ನಿಲ್ಲುವುದಿಲ್ಲ, ಅದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಾಗಿದ್ದೂ ಯಾಕೆ ಬರೆದಿರಿ ಎಂದು ಎರಡು ದಿನ ಯೋಚಿಸಿದೆ.

ಯಂತ್ರ ಕೈಯಲ್ಲೇ ಇತ್ತು. ಸುಮ್ಮನೆ ಹಿಂತಿರುಗುವ ಬದಲು ಎದುರಿನ ಸಾಲನ್ನೂ ಅಳೆದೆ. ಕುತೂಹಲ ನನ್ನ ಹಳೆಯ ರೋಗ. ಟೈಲರ್ ಇರುವ ಸಾಲಿನ ಹನ್ನೊಂದು ಮನೆಗಳೂ ಗಲ್ಲಿಯೊಳಕ್ಕೆ ನಲವತ್ತು ಬಂದಿವೆ. ಎದುರು ಸಾಲಿನ ಒಂಬತ್ತೂ ನಲವತ್ತು ಹಿಂದೆ ಸರಿದಿವೆ. ಒಬ್ಬಳದು ಅಮ್ಮನ ಕಾಲದಲ್ಲಿ ಕಟ್ಟಿದ ಗೋಡೆ, ಇನ್ನೊಬ್ಬರದು ಹೋದ ವರ್ಷ ಕಟ್ಟಿದ್ದು, ಎಲ್ಲರೂ ಮಾತಾಡಿಕೊಂಡ ಹಾಗೆ ಒಂದೇ ಲೆಕ್ಕ. ಮುಖ್ಯ ರಸ್ತೆ ದಾಟಿ ಪಶ್ಚಿಮದ ಕಡೆ ಹೋಗಿ ಅಳೆದರೆ ಎಲ್ಲ ಸರಿಯಾಗಿದೆ.

ಮನೆಗಳು ಹೀಗೆ ಸಾಲಾಗಿ ನಡೆಯುವುದಿಲ್ಲ. ನಡೆದಿರುವುದು ನಕ್ಷೆ. ಪೂರ್ವದ ಬಡಾವಣೆಯ ನಕ್ಷೆ ಪೂರ್ತಿ ಪೂರ್ವಕ್ಕೆ ನಲವತ್ತು ಸೆಂಟಿಮೀಟರ್ ಸರಿದು ಕೂತಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ ನಾನು ಆ ಹೆಂಗಸಿನ ಗೋಡೆಗೆ ಸಹಿ ಹಾಕಿದೆ.

ಆದರೆ ನನಗೆ ಅರ್ಥವಾಗದ್ದು ಬೇರೆ. ನಿಮ್ಮ ಕಾಲದಲ್ಲೂ ಆ ಬಡಾವಣೆಯಲ್ಲಿ ಅಳತೆಗಳಾಗಿವೆ, ಹತ್ತೊಂಬತ್ತು ವರ್ಷದ ಫೈಲು ತೆಗೆದು ನೋಡಿದೆ. ಒಂದೇ ಒಂದು ಗೋಡೆಯೂ ಒತ್ತುವರಿ ಅಂತ ಬಂದಿಲ್ಲ. ಹಳೆಯ ಕಂಪ್ಯೂಟರಿನಲ್ಲಿ ಎಲ್ಲ ಹೊಂದುತ್ತಿತ್ತು, ಹೊಸದರಲ್ಲಿ ಹೊಂದುತ್ತಿಲ್ಲ. ಹಳೆಯದರಲ್ಲಿ ಇದ್ದು ಹೊಸದರಲ್ಲಿ ಇಲ್ಲದ್ದು ಒಂದೇ ವಸ್ತು.

ಹಿಂದಿನ ಸಲ ನೀವು ಅಡ್ಡಗೋಡೆಯ ಮೇಲೆ ದೀಪ ಇಟ್ಟಿರಿ. ಈ ಸಲ ನೇರವಾಗಿ ಕೇಳುತ್ತೇನೆ. ಹದಿನಾಲ್ಕನೆಯ ಬಟನ್ ಏನು ಮಾಡುತ್ತಿತ್ತು? ವಿಚಾರಣೆಗೆ ಇನ್ನು ಹದಿನಾರು ದಿನವಿದೆ.

ತಂಗಿ


ಏಪ್ರಿಲ್ 19

ಈ ಪೆನ್ ಡ್ರೈವಿನಲ್ಲಿ ನನ್ನ ಹಳೆಯ ಬ್ಯಾಕಪ್ ಇದೆ. ಹದಿನಾಲ್ಕೂ ಇವೆ, ಚಿತ್ರಗಳ ಫೋಲ್ಡರೂ ಇದೆ. ಇಂಪೋರ್ಟ್ ಮಾಡು. ಆ ಮನೆಯ ಗೆರೆಗಳನ್ನು ಆಯ್ದು ಕೊನೆಯ ಬಟನ್ ಒತ್ತು. ಗೋಡೆ ಸರಿಹೋಗುತ್ತದೆ. ಹೆಚ್ಚು ಕೇಳಬೇಡ.


ಏಪ್ರಿಲ್ 21

ಅಣ್ಣಾವ್ರೇ,

ಪೆನ್ ಡ್ರೈವ್ ಬಂತು. ನಿಮ್ಮ ಕಾಗೆ ನಿಜವಾಗಿ ಚೆನ್ನಾಗಿದೆ, ನನ್ನ ಕೋಳಿಯನ್ನು ಅಳಿಸಿದೆ.

ಟೈಲರಿನ ಗೋಡೆಯನ್ನು ಆಯ್ದು ಬೂದು ಚೌಕ ಒತ್ತಿದೆ. ಗೋಡೆ ಕರೆದ ತಕ್ಷಣ ಬರುವ ಕರುವಿನ ಹಾಗೆ ಪೂರ್ವಕ್ಕೆ ನಲವತ್ತು ಸರಿದು ತನ್ನ ಜಾಗದಲ್ಲಿ ಹೋಗಿ ನಿಂತಿತು. ಖಾಲಿ ಹಾಳೆಯ ಮೇಲೆ ಒತ್ತಿದಾಗ ಯಾಕೆ ಏನೂ ಆಗಲಿಲ್ಲ ಎಂದು ಆಗ ತಿಳಿಯಿತು, ಸರಿಸಲು ಏನಾದರೂ ಇರಬೇಕಲ್ಲ. ಹತ್ತೊಂಬತ್ತು ವರ್ಷ ನೀವು ನೆಲದ ಮೇಲೆ ಅಳೆದು ತಂದ ಪ್ರತಿಯೊಂದು ನಿಜವನ್ನೂ ಹೀಗೆ ಸರಿಸಿ ತಪ್ಪು ನಕ್ಷೆಗೆ ಹೊಂದಿಸಿದ್ದೀರಿ. ಯಾಕೆ ಎಂದು ನನಗೆ ಗೊತ್ತಿಲ್ಲ. ಕೇಳಬೇಡ ಅಂದಿದ್ದೀರಿ. ಕೇಳದೆ ಇರಲು ನನಗೆ ಬರುವುದಿಲ್ಲ.

ಈಗ ನನ್ನ ಕಷ್ಟ ಹೇಳುತ್ತೇನೆ. ಸಹಿ ಹಾಕಿದ ನಕ್ಷೆ ಸಾಹೇಬರ ಮೇಜಿನ ಮೇಲಿದೆ. ಹೊಸದನ್ನು ಕೊಡಬೇಕಾದರೆ ಹಳೆಯದು ಯಾಕೆ ತಪ್ಪಾಯಿತು ಎಂದು ಬರೆದುಕೊಡಬೇಕು. ಬಟನ್ ಒತ್ತಲು ಮರೆತೆ ಎಂದು ಬರೆಯಲು ಆಗುತ್ತದೆಯೇ? ಯಾವ ಬಟನ್, ಯಾಕೆ ಇತ್ತು ಎಂದು ಕೇಳುತ್ತಾರೆ. ನಕ್ಷೆಯೇ ತಪ್ಪು ಎಂದರೆ ನಿಮ್ಮ ಹೆಸರು ಬೀದಿಗೆ ಬರುತ್ತದೆ, ಅದು ನನ್ನ ಕೈಲಿ ಆಗದು. ಹಾಗಾದರೆ ಉಳಿಯುವುದು ಒಂದೇ ಮಾತು: ನಾನು ತಪ್ಪು ಅಳೆದೆ. ನನಗಿನ್ನೂ ಒಂದು ವರ್ಷದ ಪರೀಕ್ಷಾವಧಿ ಮುಗಿದಿಲ್ಲ. ಒತ್ತುವರಿ ನೋಟಿಸಿನಷ್ಟು ದೊಡ್ಡ ತಪ್ಪು ಮಾಡಿದವಳನ್ನು ಇಲ್ಲಿ ಇಟ್ಟುಕೊಳ್ಳುವುದಿಲ್ಲ.

ಅತ್ತೆಗೆ ಎಲ್ಲ ಹೇಳಿದೆ. "ಅಲ್ಲ, ಆ ಮನುಷ್ಯ ಊರಿಗೆಲ್ಲ ಅಳತೆ ಹೇಳ್ದೋನು, ಬಾಯಿಬಿಟ್ಟು ಒಂದು ಮಾತು ಹೇಳೋಕೆ ಅವನಿಗೇನು ಧಾಡಿ?" ಎಂದು ಸಿಟ್ಟಾದರು. ನನಗೂ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಬಿಟ್ಟುಬಿಡು ಎಂದವರು ನೀವು. ಆಮೇಲೆ ನಿನ್ನ ಅಳತೆಯೇ ತಪ್ಪು ಎಂದವರೂ ನೀವೇ. ಮೂರು ಸಲ ಬಿಸಿಲಲ್ಲಿ ನಿಂತು ಅಳೆದೆ ನಾನು.

ಆದರೂ 28ರ ಬೆಳಿಗ್ಗೆ ಹತ್ತಕ್ಕೆ ನಾನೇ ತಪ್ಪು ಅಳೆದೆ ಎಂದು ಬರೆದುಕೊಡುತ್ತೇನೆ. ಗೋಡೆ ಉಳಿಯಲಿ. ಬೂದು ಬಟನ್ ಇದೇ ಟೂಲ್‌ಬಾರಿನಲ್ಲಿ ಕೂತಿರುತ್ತದೆ. ನನ್ನ ನಂತರ ಬರುವವಳು ನಿಮಗೆ ಕಾಗದ ಬರೆದರೆ ಅವಳಿಗಾದರೂ ನಿಜ ಹೇಳಿ.

ತಂಗಿ


ಏಪ್ರಿಲ್ 24

ತಂಗಿ,

ನಿನ್ನ ಕಾಗದವನ್ನು ಅಕ್ಕನೇ ಬಾಗಿಲಲ್ಲಿ ತೆಗೆದುಕೊಂಡಳು. ಓದಿ ಮುಗಿಸಿ ನಾನು ಅದನ್ನು ಮಡಚಿ ಬಿಚ್ಚಿ ಮಾಡುತ್ತಿದ್ದುದು ನೋಡಿ ಏನು ಎಂದಳು. ಏನಿಲ್ಲ ಎಂದೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಮುಖ ನನಗೆ ಇರಬೇಕು. ಅವಳು ಕಾಗದ ಎತ್ತಿಕೊಂಡು ಕಿಟಕಿಯ ಹತ್ತಿರ ಹೋಗಿ ಪೂರ್ತಿ ಓದಿದಳು. ಆಮೇಲೆ ನನಗೆ ಹೇಳಿದ್ದನ್ನು ಇಲ್ಲಿ ಬರೆಯಲಾರೆ. ನಿನಗೆ ಹೇಳಬೇಕಾದ್ದನ್ನು ಬರೆಯುತ್ತೇನೆ.

ಆಫೀಸಿನಲ್ಲಿ ಆಗ ಮೂರು ಅಳತೆ ಟೇಪುಗಳಿದ್ದವು. ಒಂದರ ಮುಂದಿನ ತುಂಡು ಲಾರಿಯ ಚಕ್ರಕ್ಕೆ ಸಿಕ್ಕಿ ಹರಿದುಹೋಗಿತ್ತು, ಸರಿಯಾಗಿ ನಲವತ್ತು ಸೆಂಟಿಮೀಟರ್. ಹೊಸದು ತರಿಸುವ ಬದಲು ಹರಿದ ತುದಿಗೆ ಹಿಡಿಯಲು ಒಂದು ಬಳೆ ಹಾಕಿ ಇಟ್ಟುಕೊಂಡಿದ್ದರು. ಅದಕ್ಕೆ ಮೋಟು ಟೇಪು ಎಂದೇ ಹೆಸರು. ಅದರ ಅಂಕಿ ನಲವತ್ತರಿಂದಲೇ ಶುರು, ಆದ್ದರಿಂದ ಮೋಟು ಟೇಪಿನಲ್ಲಿ ಅಳೆದರೆ ಬಂದ ಅಂಕಿಯಿಂದ ನಲವತ್ತು ಕಳೆಯಬೇಕು. ಜವಾನನಿಗೂ ಗೊತ್ತಿದ್ದ ನಿಯಮ. ಇಪ್ಪತ್ತೊಂದು ವರ್ಷದ ಹಿಂದೆ, ಕಾಗದದ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವಾಗ, ಮುಖ್ಯ ರಸ್ತೆಯ ಗುರುತುಕಲ್ಲಿನಿಂದ ಪೂರ್ವದ ಬಡಾವಣೆಯ ಗುರುತುಕಲ್ಲಿಗೆ ಅಳತೆ ಬೇಕಾಯಿತು. ಒಳ್ಳೆಯ ಟೇಪುಗಳು ಹೊರಗೆ ಹೋಗಿದ್ದವು. ಮೋಟು ಟೇಪು ಹಿಡಿದು ಹೋದೆ. ಇಪ್ಪತ್ಮೂರು ಮೀಟರ್ ಎಂಬತ್ತೈದು ಬಂತು. ಹಾಗೆಯೇ ಬರೆದೆ. ಕಳೆಯಲಿಲ್ಲ. ಅಂದು ಅಕ್ಕ ಆಸ್ಪತ್ರೆಯಲ್ಲಿದ್ದಳು, ಅವಸರದಲ್ಲಿದ್ದೆ ಎಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಅದು ನೆಪ. ಮರೆತೆ, ಅಷ್ಟೇ.

ಆ ಕಲ್ಲಿನಿಂದಲೇ ಬಡಾವಣೆಯ ಅರವತ್ತೆರಡು ಹಾಳೆ ಬರೆದೆ. ಎರಡು ವರ್ಷದ ಮೇಲೆ ಒಳ್ಳೆಯ ಯಂತ್ರ ಬಂದಾಗ ತಪ್ಪು ಕಂಡಿತು. ಅಷ್ಟರಲ್ಲಿ ಎಲ್ಲದಕ್ಕೂ ಸಹಿ, ಮೊಹರು ಆಗಿತ್ತು. ಕೂದಲೆಳೆ ಎಂದು ಹೆಸರಾಗಿತ್ತು. ನಾಳೆ ಹೇಳುತ್ತೇನೆ ಎಂದು ಆ ದಿನ ಒಂದು ಬಟನ್ ಮಾಡಿದೆ. ನಾಳೆ ಬರಲೇ ಇಲ್ಲ. ಅದಕ್ಕೊಂದು ಚಿತ್ರ ಬರೆಯಲು ಕೈ ಬರಲಿಲ್ಲ. ನೀನು ಎಕ್ಸ್‌ಪೋರ್ಟ್ ಮಾಡುವ ಫೈಲಿನಲ್ಲಿ ಅದು ಹೋಗದಿದ್ದರೆ ಯಾರಿಗೂ ತಿಳಿಯದೆ ಸತ್ತುಹೋಗುತ್ತದೆ ಎಂದುಕೊಂಡೆ. ಮುಂದೆ ಯಾರ ಗೋಡೆ ಎಂದು ಯೋಚಿಸಲಿಲ್ಲ. ಯೋಚಿಸಿದೆ, ಆದರೆ ಪೂರ್ತಿ ಯೋಚಿಸದೆ ನಿಲ್ಲಿಸಿದೆ. ಇದೂ ನಿಜ.

ನೀನು ಏನೂ ಬರೆದುಕೊಡಬೇಡ. ಸಾಹೇಬರಿಗೆ ಬೇರೆ ಕಾಗದ ಇಂದೇ ರಿಜಿಸ್ಟರ್ ಮಾಡಿದ್ದೇನೆ, ಅರವತ್ತೆರಡು ಹಾಳೆಗಳ ಪಟ್ಟಿ ಸಮೇತ. ಕಾಗದದ ಮೇಲೂ ನನಗೀಗ ನಂಬಿಕೆ ಇಲ್ಲ. 28ರಂದು ನಾನೇ ಬರುತ್ತೇನೆ. ಅಕ್ಕ ನನ್ನ ಅಂಗಿಗೆ ಇಸ್ತ್ರಿ ಮಾಡಿ ಇಟ್ಟಿದ್ದಾಳೆ.

ಹಳೆಯ ನಕ್ಷೆಗಾರ


ಮೇ 3

ಅಣ್ಣಾವ್ರೇ,

ಅಂದು ನಿಮ್ಮನ್ನು ಗುರುತು ಹಿಡಿಯಲು ಕಷ್ಟವಾಗಲಿಲ್ಲ. ಬಾಗಿಲಲ್ಲಿ ನಿಂತು ಮೊದಲು ನೆಲ ನೋಡಿದಿರಿ.

ಆಮೇಲೆ ನಡೆದದ್ದು ನಿಮಗೆ ತಿಳಿದಿರಲಿ. ನೋಟಿಸು ರದ್ದಾಯಿತು. ನಿಮ್ಮ ಹೇಳಿಕೆಯನ್ನು ಹೆಸರು ಸಮೇತ ಒಂದು ತಿಂಗಳು ಫಲಕಕ್ಕೆ ಹಾಕಬೇಕೆಂದು ಸಾಹೇಬರು ಬರೆದರು, ಜವಾನ ಅದನ್ನು ಅಂಟಿಸುವಾಗ ಅತ್ತ. ನಾನು ಅರವತ್ತೆರಡು ಹಾಳೆಗಳನ್ನು ಒಂದೊಂದಾಗಿ ಪಶ್ಚಿಮಕ್ಕೆ ನಲವತ್ತು ಸರಿಸುತ್ತಿದ್ದೇನೆ, ನಲವತ್ತೊಂದು ಮುಗಿದಿದೆ. ಪ್ರತಿ ಸಲ ಗಲ್ಲಿಯ ಎರಡೂ ಸಾಲು ಒಟ್ಟಿಗೆ ತಮ್ಮ ಗೋಡೆಗಳಿಗೆ ಹೋಗಿ ಸೇರುವುದನ್ನು ನೋಡಲು ಸಂತೋಷವಾಗುತ್ತದೆ. ಎಲ್ಲ ಮುಗಿದ ಮೇಲೆ ಬೂದು ಬಟನ್ ಅಳಿಸಬೇಕೆಂದು ಆದೇಶ. ಪರೀಕ್ಷಾವಧಿಯ ಬಗ್ಗೆ ಯಾರೂ ಮಾತೆತ್ತಿಲ್ಲ.

ಒಂದು ಮಾತ್ರ ಗೊತ್ತಾಗಲಿಲ್ಲ. ನನ್ನನ್ನು ಇಲ್ಲೇ ಕೂರಿಸಿ ನಿಮ್ಮನ್ನು ಸಾಹೇಬರು ಟೈಲರಿನ ಮನೆಗೆ ಕರೆದೊಯ್ದರಲ್ಲ. ಅವಳು ಏನಂದಳು? ಸಾಹೇಬರು ಬಾಗಿಲಲ್ಲೇ ಫೋನಿನಲ್ಲಿದ್ದರಂತೆ, ಅವರಿಗೆ ಗೊತ್ತಿಲ್ಲ. ನೀವು ಹಿಂತಿರುಗಿ ಬಂದು ನೀರು ಕುಡಿದು, ಏನೂ ಹೇಳದೆ ಬಸ್ಸು ಹತ್ತಿದಿರಿ. ಹೇಳಲೇಬೇಕೆಂದಿಲ್ಲ. ಆದರೆ ನನ್ನ ರೋಗ ನಿಮಗೆ ಗೊತ್ತಲ್ಲ.

ತಂಗಿ


ಮೇ 8

ತಂಗಿ,

ಹೇಳುತ್ತೇನೆ.

ಅವಳು ಯಾವುದೋ ರವಿಕೆಯ ತೋಳು ಬಿಚ್ಚುತ್ತಿದ್ದಳು. ನನ್ನನ್ನು ಸ್ಟೂಲಿನ ಮೇಲೆ ಕೂರಿಸಿದಳು. ಟೇಪಿನ ಕಥೆ, ಬಟನ್ನಿನ ಕಥೆ ಎಲ್ಲ ಹೇಳಿದೆ. ಕೈಕೆಲಸ ನಿಲ್ಲಿಸದೆ ಕೇಳಿದಳು. ಬೈಯುತ್ತಾಳೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರವಾಗುತ್ತಿತ್ತು.

"ನನ್ನ ತಪ್ಪು ಮಾರನೇ ದಿನಾನೇ ಬಾಗಿಲಿಗೆ ಬರುತ್ತೆ ಯಜಮಾನ್ರೆ" ಅಂದಳು. "ತೋಳು ಬಿಗಿ ಆದ್ರೆ ಹಾಕ್ಕೊಂಡೋರೇ ಬಂದು ಕೈ ಎತ್ತಿ ತೋರಿಸ್ತಾರೆ. ಅವರ ಮುಂದೇನೇ ಬಿಚ್ಚಿ ಹೊಲೀತೀನಿ, ಮುಗೀತು. ನಿಮ್ಮದು ಬರೋಕೆ ಇಪ್ಪತ್ತೊಂದು ವರ್ಷ ಹಿಡೀತು."

ಆಮೇಲೆ ಗೋಡೆಯ ಕಡೆ ತಿರುಗಿದಳು. "ನೋಟಿಸು ಬಂದ ದಿನದಿಂದ ನಾನು ಈ ಗೋಡೆಗೆ ಬೆನ್ನು ಕೊಟ್ಟು ಕೂತಿಲ್ಲ. ಯಾವಾಗ ಬರ್ತಾರೋ ಅಂತ ಅದನ್ನೇ ನೋಡ್ಕೊಂಡು ಹೊಲಿದೆ. ನಾಲ್ಕು ವಾರ. ಗೋಡೆ ಉಳಿಸಿಕೊಟ್ರಿ, ಒಳ್ಳೇದಾಯ್ತು. ಆ ನಾಲ್ಕು ವಾರಾನ ಯಾವ ಬಟನ್ ಒತ್ತಿ ವಾಪಸ್ ತರ್ತೀರಿ?"

ಮೂವತ್ತನಾಲ್ಕು ವರ್ಷ ಅಳೆದವನು ನಾನು. ಸ್ಟೂಲಿನಿಂದ ಎದ್ದು ನಿಂತೆ. ತಪ್ಪಾಯ್ತಮ್ಮ ಅಂದೆ. ಅವಳು ತಲೆಯಾಡಿಸಿ ಮತ್ತೆ ತೋಳು ಬಿಚ್ಚಲು ಕೂತಳು.

ಸಾಹೇಬರಿಗೆ ಬರೆದ ಕಾಗದದಲ್ಲಿ ಲೋಪ ಎಂದಿತ್ತು, ವ್ಯತ್ಯಾಸ ಎಂದಿತ್ತು, ನಾಲ್ಕು ಪುಟ ಇತ್ತು. ತಪ್ಪಾಯ್ತು ಎಂಬ ಮಾತನ್ನು ಇಷ್ಟು ವರ್ಷದಲ್ಲಿ ಮೊದಲ ಸಲ ಹೇಳಿದ್ದು ಅವಳಿಗೇ. ಬಸ್ಸಿನಲ್ಲಿ ಕೂತು ಊರು ದಾಟಿದ ಮೇಲೆ ನೆನಪಾಯಿತು, ನಿನ್ನ ಮೇಜಿನ ಮುಂದೆ ಅಷ್ಟು ಹೊತ್ತು ನಿಂತಿದ್ದೆ, ನಿನ್ನ ಕೈಯಿಂದ ನೀರು ಇಸಿದುಕೊಂಡು ಕುಡಿದೆ, ನಿನಗೆ ಹೇಳಲೇ ಇಲ್ಲ.

ನಿನ್ನ ಅಳತೆ ಸರಿಯಾಗಿತ್ತು. ಮೊದಲ ಸಲವೇ ಸರಿಯಾಗಿತ್ತು. ತಪ್ಪಾಯ್ತು ತಂಗಿ.

ಅಣ್ಣ